ಹಾಲು-ರೊಟ್ಟಿ ಉಂಡ ಬೆಕ್ಕಿನ ತೂಕವೆಷ್ಟು?

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಯಾರಿಗೆ ಗೊತ್ತಿಲ್ಲ? ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿದಾಗ ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಡಿಸಿ, ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದನಂತೆ. ಕೆಲವು ತಿಂಗಳ ನಂತರ ತಪಾಸಣೆ ನಡೆದಾಗ ಎಲ್ಲರ ಬೆಕ್ಕುಗಳೂ ದುಂಡು ದುಂಡಗೆ ಮೈತುಂಬಿಕೊಂಡಿದ್ದರೆ ರಾಮಕೃಷ್ಣನದು ಮಾತ್ರ ಎಲುಬಿನ ಗೂಡು! ಹಾಲಿನ ಬಟ್ಟಲು ಕಂಡರೆ ಸಾಕು, ಅದು ಬಾಲ ಎತ್ತಿ ಓಟ ಕೀಳುತ್ತಿತ್ತು. ಮೊದಲ ದಿನವೇ ಕುದಿಯುವ ಹಾಲಿಟ್ಟು ಬಾಯಿ ಸುಡಿಸಿದ್ದ ರಾಮಕೃಷ್ಣ, ಆಮೇಲೆ ಹಾಲನ್ನೆಲ್ಲ ತನ್ನ ಮನೆಯವರಿಗೇ ಉಳಿಸಿಕೊಂಡಿದ್ದ.

ಈ ಕಥೆ ಕೇಳಿ ಎಲ್ಲರೂ ನಗುತ್ತಾರೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಾಲು ಕುಡಿದು ದುಂಡಗಾಗಿದ್ದ ಉಳಿದ ಬೆಕ್ಕುಗಳು ಇಲಿ ಹಿಡಿಯುತ್ತಿದ್ದವೇ? ಅವು ನಿಜಕ್ಕೂ ಆರೋಗ್ಯವಾಗಿದ್ದವೇ? ಇಂದಿನ ಪಶುವೈದ್ಯರನ್ನು ಕೇಳಿದರೆ, ತೆಳುವಾದ ಬೆಕ್ಕು ಮತ್ತು ಉಬ್ಬಿದ ಬೆಕ್ಕು ಎರಡನ್ನೂ ಪರೀಕ್ಷೆಯ ಮೇಜಿನ ಮೇಲೆ ನಿಲ್ಲಿಸಿಯೇ ಉತ್ತರ ಹೇಳುತ್ತಾರೆ.

ಹಾವೇರಿ ಜಿಲ್ಲೆಯ ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಬೆಕ್ಕಿಗೆ ಹಿಂದಿನಿಂದಲೂ ಒಂದು ನೌಕರಿ ಇದೆ. ಜೋಳ, ಗೋವಿನಜೋಳದ ಚೀಲ ಪೇರಿಸಿಟ್ಟ ಪಡಸಾಲೆಯಲ್ಲಿ, ಬೀಜದ ಗೋದಾಮಿನಲ್ಲಿ, ಕಿರಾಣಿ ಅಂಗಡಿಯ ಹಿಂಬದಿಯಲ್ಲಿ ಇಲಿಗಳನ್ನು ಅಂಕೆಯಲ್ಲಿಡುವುದೇ ಆ ನೌಕರಿ. ಸಂಬಳ ಎಂದರೆ ಬೆಳಿಗ್ಗೆ ಸ್ವಲ್ಪ ಹಾಲು, ರಾತ್ರಿ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು. ಉಳಿದುದನ್ನು ಅದೇ ಬೇಟೆಯಾಡಿ ಹೊಂದಿಸಿಕೊಳ್ಳುತ್ತಿತ್ತು. ಈಗ ಕಾಲ ಬದಲಾಗಿದೆ. ಊರು ಬೆಳೆದು ಆರ್‌ಸಿಸಿ ಮನೆಗಳಾಗಿವೆ. ಬೆಕ್ಕು ಅಟ್ಟದಿಂದ ಇಳಿದು ಸೋಫಾ ಏರಿದೆ. ಬೇಟೆ ನಿಂತಿದೆ, ಆದರೆ ಹಾಲು-ರೊಟ್ಟಿ ಮಾತ್ರ ಹಾಗೆಯೇ ಉಳಿದು, ಮಕ್ಕಳ ಕೈಯಿಂದ ಬಿಸ್ಕತ್ತು, ಚುರುಮುರಿಯೂ ಅದಕ್ಕೆ ಸೇರಿದೆ.

ಪರಿಣಾಮವನ್ನು ಎರಡು ರೀತಿಯಲ್ಲಿ ಕಾಣಬಹುದು. ಒಂದು ಮನೆಯಲ್ಲಿ ಬೆಕ್ಕು ನಡೆಯುವಾಗ ಹೊಟ್ಟೆ ಅತ್ತಿತ್ತ ತೂಗುತ್ತದೆ, ಕಟ್ಟೆ ಹಾರಲು ಎರಡು ಸಲ ಯೋಚಿಸುತ್ತದೆ. ಪಕ್ಕದ ಮನೆಯಲ್ಲಿ ಅದೇ ತಾಯಿಯ ಇನ್ನೊಂದು ಮರಿ ಬಡಕಲಾಗಿ, ಕೂದಲು ಒರಟಾಗಿ, ಬೆನ್ನ ಮೇಲೆ ಹೊಟ್ಟು ಎದ್ದು ಕೂತಿರುತ್ತದೆ. ನೋಡಲು ಎರಡೂ ಬೇರೆ ಬೇರೆ ತೊಂದರೆಗಳು. ಆದರೆ ಬಹಳಷ್ಟು ಸಲ ಇವೆರಡರ ಬೇರು ಒಂದೇ ತಟ್ಟೆಯಲ್ಲಿರುತ್ತದೆ.

ಅಕ್ಕಿಯೂ ಅಲ್ಲ, ರಾಗಿಯೂ ಅಲ್ಲ

ಕಾಗಿನೆಲೆಯ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿ ಮತ್ತು ರಾಗಿಯ ನಡುವೆ ಜಗಳ ಹಚ್ಚಿ, ಕೊನೆಗೆ ಬಡವರ ಧಾನ್ಯವಾದ ರಾಗಿಯನ್ನೇ ಗೆಲ್ಲಿಸಿದರು. ಮನುಷ್ಯರ ಊಟದ ವಿಷಯದಲ್ಲಿ ಆ ತೀರ್ಪು ಸರಿಯೇ. ಆದರೆ ತೀರ್ಪು ಕೊಡುವ ಕೆಲಸ ಬೆಕ್ಕಿಗೆ ಬಂದಿದ್ದರೆ ಅದು ಎರಡು ಧಾನ್ಯಗಳನ್ನೂ ಮೂಸಿ ನೋಡಿ ಎದ್ದು ಹೋಗುತ್ತಿತ್ತು. ಏಕೆಂದರೆ ಬೆಕ್ಕಿನ ದೇಹ ಮಾಂಸಾಹಾರಕ್ಕೆಂದೇ ರೂಪುಗೊಂಡದ್ದು. ನಾಯಿ ನಮ್ಮ ಹಾಗೆ ಅನ್ನ, ಬೇಳೆ, ಮಾಂಸ ಎಲ್ಲವನ್ನೂ ಕೂಡಿಸಿಕೊಂಡು ಬದುಕಬಲ್ಲದು. ಬೆಕ್ಕಿಗೆ ಆ ಶಕ್ತಿ ಇಲ್ಲ. ಸಿಹಿ ರುಚಿಯನ್ನು ಗುರುತಿಸುವ ಅಂಶವೇ ಅದರ ನಾಲಿಗೆಯಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮ ಬೆಕ್ಕು ಪೇಢೆ ತಿಂದರೆ ಅದು ಸಿಹಿಗಾಗಿ ಅಲ್ಲ, ಅದರಲ್ಲಿರುವ ಹಾಲಿನ ಕೊಬ್ಬಿಗಾಗಿ.

ಬೆಕ್ಕಿಗೆ ಅತ್ಯಗತ್ಯವಾದ ಒಂದು ವಸ್ತುವಿನ ಹೆಸರು ಟಾರಿನ್. 1827ರಲ್ಲಿ ಜರ್ಮನಿಯ ವಿಜ್ಞಾನಿಗಳು ಇದನ್ನು ಎತ್ತಿನ ಪಿತ್ತರಸದಿಂದ ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ 'ಟಾರಸ್' ಎಂದರೆ ಗೂಳಿ, ಹೆಸರು ಬಂದದ್ದು ಅಲ್ಲಿಂದ. ಮಾಂಸ, ಮೀನುಗಳಲ್ಲಿ ಟಾರಿನ್ ಧಾರಾಳವಾಗಿದೆ. ಧಾನ್ಯ, ಕಾಳುಗಳಲ್ಲಿ ಇಲ್ಲವೆಂದೇ ಹೇಳಬೇಕು. ನಾಯಿ ಮತ್ತು ಮನುಷ್ಯರ ದೇಹ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಸಾಕಾಗುವಷ್ಟು ತಯಾರಿಸಿಕೊಳ್ಳಲು ಬಾರದು.

ಇದರ ಮಹತ್ವ ತಿಳಿದುಬಂದ ಬಗೆ ಕುತೂಹಲಕರ. ಹಾಲಿನ ಪ್ರೋಟೀನ್ ಆದ ಕೇಸೀನನ್ನೇ ಮುಖ್ಯ ಆಹಾರವಾಗಿ ಕೊಟ್ಟ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಹಾಳಾಗುತ್ತಿತ್ತು. ಅದಕ್ಕೆ ಟಾರಿನ್ ಕೊರತೆಯೇ ಕಾರಣವೆಂದು 1975ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಮುಂದೆ 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ಬೆಕ್ಕುಗಳ ಹೃದಯ ಹಿಗ್ಗಿ ದುರ್ಬಲವಾಗುವ ಕಾಯಿಲೆಗೂ ಇದೇ ಕೊರತೆ ಕಾರಣವೆಂದು ಕಂಡುಹಿಡಿದರು. ಟಾರಿನ್ ಕೊಟ್ಟಾಗ ಅನೇಕ ಬೆಕ್ಕುಗಳ ಹೃದಯ ಸುಧಾರಿಸಿತು. ಆಮೇಲೆಯೇ ಬೆಕ್ಕಿನ ಸಿದ್ಧ ಆಹಾರಗಳಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು.

ಎ ಜೀವಸತ್ವದ ಕಥೆಯೂ ಹೀಗೆಯೇ. ನಾವು ಗಜ್ಜರಿ ತಿಂದರೆ ನಮ್ಮ ದೇಹ ಅದರ ಕೇಸರಿ ಬಣ್ಣದ ಅಂಶದಿಂದ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಅದು ಆಗದು. ಅದಕ್ಕೆ ಪ್ರಾಣಿಜನ್ಯ ಆಹಾರದಿಂದಲೇ ಸಿದ್ಧ ರೂಪದಲ್ಲಿ ಸಿಗಬೇಕು. ಇಲಿ ಹಿಡಿಯುವ ಬೆಕ್ಕಿಗೆ ಇದೆಲ್ಲ ಇಲಿಯ ಮೈಯಲ್ಲೇ ಸಿಗುತ್ತಿತ್ತು. ಬರೀ ಹಾಲು-ರೊಟ್ಟಿಯ ಮೇಲೆ ಕೂತ ಬೆಕ್ಕಿಗೆ ಹೊಟ್ಟೆ ತುಂಬುತ್ತದೆ, ಮೈ ತುಂಬುತ್ತದೆ, ಆದರೆ ಕಣ್ಣು, ಹೃದಯ, ಚರ್ಮ ಹಸಿದೇ ಇರುತ್ತವೆ.

ಬಟ್ಟಲು ಹಾಲಿನ ಲೆಕ್ಕ

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಪ್ರಾಣಿಯೊಂದು ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯದ ಬಡಿತಕ್ಕೆಂದು ಶಕ್ತಿ ಖರ್ಚಾಗುತ್ತದೆ. ಪಶುವೈದ್ಯರು ಇದನ್ನು ಅಳೆಯಲು ಒಂದು ಸೂತ್ರ ಬಳಸುತ್ತಾರೆ. ತೂಕದ ವರ್ಗಮೂಲ ತೆಗೆಯಿರಿ. ಆ ಉತ್ತರದ ವರ್ಗಮೂಲವನ್ನು ಮತ್ತೊಮ್ಮೆ ತೆಗೆಯಿರಿ. ಎರಡನ್ನೂ ಗುಣಿಸಿ, ಬಂದುದನ್ನು 70ರಿಂದ ಗುಣಿಸಿ. 4 ಕೆ.ಜಿ. ತೂಗುವ ಬೆಕ್ಕಾದರೆ 4ರ ವರ್ಗಮೂಲ 2; 2ರ ವರ್ಗಮೂಲ 1.414, ಗುಣಿಸಿದರೆ 2.828, ಅದನ್ನು 70ರಿಂದ ಗುಣಿಸಿದರೆ 198. ಅಂದರೆ ದಿನಕ್ಕೆ ಸುಮಾರು 200 ಕ್ಯಾಲರಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿ ಮನೆಯೊಳಗೇ ಇರುವ ಬೆಕ್ಕಿಗೆ ಇದರ ಮೇಲೆ ಇನ್ನೊಂದು ಐದನೇ ಭಾಗ ಸೇರಿಸಿದರೆ ಸಾಕು. ಒಟ್ಟು 240 ಕ್ಯಾಲರಿ ಎಂದಿಟ್ಟುಕೊಳ್ಳಿ.

ಈಗ ತಟ್ಟೆಯ ಕಡೆ ನೋಡಿ. ನಮ್ಮ ಕಡೆ ಮನೆ ಮನೆಯಲ್ಲೂ ಎಮ್ಮೆ ಹಾಲು. 100 ಮಿ.ಲೀ. ಎಮ್ಮೆ ಹಾಲಿನಲ್ಲಿ ಸುಮಾರು 100 ಕ್ಯಾಲರಿ ಇದೆ. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು ಎಂದರೆ 200 ಆಯಿತು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲರಿ. ಅರ್ಧ ರೊಟ್ಟಿ ಎಂದರೆ 85. ಕೂಡಿಸಿದರೆ 285! ಬೆಕ್ಕಿನ ಇಡೀ ದಿನದ ಪಾಲು ಮುಗಿದು 45 ಉಳಿಯಿತು. ಪ್ರತಿದಿನ ಉಳಿದ ಆ ಪಾಲು ಹೊಟ್ಟೆಯ ಕೆಳಗೆ ಕೊಬ್ಬಾಗಿ ಕೂಡುತ್ತದೆ. "ನಮ್ಮ ಬೆಕ್ಕು ಏನೂ ತಿನ್ನೋದಿಲ್ಲರೀ, ಬರೀ ಹಾಲು ಕುಡೀತದ" ಎಂದು ಹೇಳುವ ಅಜ್ಜಿಯಂದಿರಿಗೆ ಮೊಮ್ಮಕ್ಕಳು ಈ ಲೆಕ್ಕ ತೋರಿಸಬಹುದು.

ಹಾಲಿನ ಬಗ್ಗೆ ಇನ್ನೂ ಒಂದು ಮಾತು. ಮರಿಯಾಗಿದ್ದಾಗ ಹಾಲಿನ ಸಕ್ಕರೆಯನ್ನು ಕರಗಿಸುವ ಕಿಣ್ವ ಬೆಕ್ಕಿನ ಕರುಳಿನಲ್ಲಿ ಚೆನ್ನಾಗಿ ಇರುತ್ತದೆ. ತಾಯಿಹಾಲು ಬಿಟ್ಟ ಮೇಲೆ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಎಷ್ಟೋ ಬೆಕ್ಕುಗಳಿಗೆ ಹಾಲು ಕುಡಿದರೆ ಭೇದಿಯಾಗುತ್ತದೆ. ಹಾಲು ರುಚಿಗೆ ಒಂದೆರಡು ಚಮಚ ಇರಲಿ; ಊಟದ ಜಾಗಕ್ಕೆ ಬಾರದಿರಲಿ. ಪಕ್ಕದಲ್ಲಿ ಸದಾ ಶುದ್ಧ ನೀರಿನ ಬಟ್ಟಲು ಇಡುವುದು ಹಾಲಿಗಿಂತ ದೊಡ್ಡ ಉಪಕಾರ.

ಕೈಯೇ ತಕ್ಕಡಿ

ಬೆಕ್ಕಿನ ತೂಕ ಹಾಕುವುದು ಸುಲಭ. ಬಾತ್‌ರೂಮಿನ ತೂಕದ ಯಂತ್ರವಿದ್ದರೆ ಮೊದಲು ನೀವೊಬ್ಬರೇ ನಿಂತು ಅಂಕಿ ಬರೆದುಕೊಳ್ಳಿ. ಆಮೇಲೆ ಬೆಕ್ಕನ್ನು ಎತ್ತಿಕೊಂಡು ನಿಲ್ಲಿ. ವ್ಯತ್ಯಾಸವೇ ಬೆಕ್ಕಿನ ತೂಕ. ಇನ್ನೂ ನಿಖರವಾಗಿ ಬೇಕೆಂದರೆ ಬುಟ್ಟಿಯಲ್ಲಿ ಕೂರಿಸಿ ಪಶು ಆಸ್ಪತ್ರೆಯ ತಕ್ಕಡಿಯಲ್ಲಿ ತೂಗಿಸಬಹುದು. ನಮ್ಮ ನಾಡತಳಿಯ ದೊಡ್ಡ ಬೆಕ್ಕುಗಳು ಸಾಮಾನ್ಯವಾಗಿ 3ರಿಂದ 5 ಕೆ.ಜಿ. ತೂಗುತ್ತವೆ. ಹೆಣ್ಣು ಸ್ವಲ್ಪ ಹಗುರ, ಗಂಡು ಸ್ವಲ್ಪ ಭಾರ.

ಆದರೆ ಅಂಕಿಯೊಂದೇ ಎಲ್ಲವನ್ನೂ ಹೇಳದು. ವೈದ್ಯರು ಕೈಯಿಂದ ಮುಟ್ಟಿ ನೋಡುತ್ತಾರೆ. ನೀವೂ ನೋಡಬಹುದು. ಪಕ್ಕೆಯ ಮೇಲೆ ಬೆರಳು ಆಡಿಸಿ. ಒತ್ತದೆಯೇ ಎಲುಬುಗಳು ಒಂದೊಂದಾಗಿ ಕೈಗೆ ಸಿಕ್ಕರೆ, ಆದರೆ ಕಣ್ಣಿಗೆ ಎದ್ದು ಕಾಣದಿದ್ದರೆ ತೂಕ ಸರಿಯಾಗಿದೆ. ಎಲುಬು ಹುಡುಕಲು ಒತ್ತಬೇಕಾದರೆ ಬೊಜ್ಜು ಬಂದಿದೆ. ದೂರದಿಂದಲೇ ಎಣಿಸಬಹುದಾದರೆ ಬಡಕಲು. ಮೇಲಿನಿಂದ ನೋಡಿದಾಗ ಪಕ್ಕೆಗಳ ಹಿಂದೆ ಸಣ್ಣ ಸೊಂಟ ಕಾಣಬೇಕು. ಇದನ್ನೇ ವೈದ್ಯರು 1ರಿಂದ 9ರವರೆಗಿನ ಅಂಕಗಳಲ್ಲಿ ಬರೆದಿಡುತ್ತಾರೆ. ಇಲ್ಲಿ ಹೆಚ್ಚು ಅಂಕ ತೆಗೆದವರು ಜಾಣರಲ್ಲ! ಒಳ್ಳೆಯ ಬೆಕ್ಕಿಗೆ ನಡುವಿನ 5 ಅಂಕ.

ಹೊಟ್ಟೆ ದೊಡ್ಡದಾದುದೆಲ್ಲ ಬೊಜ್ಜು ಎಂದುಕೊಳ್ಳಬೇಡಿ. ಹಿಂಗಾಲುಗಳ ನಡುವೆ ಸಡಿಲ ಚರ್ಮ ಜೋತಾಡುವುದು ಬೆಕ್ಕಿನ ಸಹಜ ರಚನೆ. ಮರಿಯ ಮೈ ಸಣ್ಣದಾಗಿ ಹೊಟ್ಟೆ ಮಾತ್ರ ಮಡಕೆಯಂತಿದ್ದರೆ ಜಂತುಹುಳು ಇರಬಹುದು. ಹೆಣ್ಣು ಬೆಕ್ಕು ಗಬ್ಬವಾಗಿರಬಹುದು. ಅದರ ಗರ್ಭಾವಧಿ ಸುಮಾರು ಒಂಬತ್ತು ವಾರ ಮಾತ್ರ. ಕೆಲವು ಕಾಯಿಲೆಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಹಾಗೆಯೇ ಚೆನ್ನಾಗಿ ತಿನ್ನುತ್ತಲೇ ತೂಕ ಇಳಿಯುತ್ತಿರುವ ವಯಸ್ಸಾದ ಬೆಕ್ಕಿಗೆ ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ತೊಂದರೆ ಇರಬಹುದು. ಬಹಳ ನೀರು ಕುಡಿಯುತ್ತಾ ಸೊರಗುತ್ತಿದ್ದರೆ ಮೂತ್ರಪಿಂಡದ ತೊಂದರೆಯೂ ಇರಬಹುದು. ಇವುಗಳನ್ನೆಲ್ಲ ಬೇರ್ಪಡಿಸಿ ಹೇಳಬಲ್ಲವರು ವೈದ್ಯರೇ.

ಉಪವಾಸವೇ ವಿಷವಾದೀತು

ಇಲ್ಲಿ ಎಲ್ಲ ತಂದೆ-ತಾಯಿಯರೂ ಗಮನಿಸಬೇಕಾದ ಅತಿ ಮುಖ್ಯ ವಿಷಯವಿದೆ. ಬೆಕ್ಕು ದಪ್ಪವಾಯಿತೆಂದು ಗೊತ್ತಾದ ಕೂಡಲೇ "ಎರಡು ದಿನ ಏನೂ ಹಾಕಬೇಡ, ತಾನೇ ಇಳಿಯುತ್ತದೆ" ಎನ್ನುವವರು ಇದ್ದಾರೆ. ಮನುಷ್ಯರಿಗೆ ಏಕಾದಶಿಯ ಉಪವಾಸ ಒಗ್ಗಬಹುದು, ದಪ್ಪ ಬೆಕ್ಕಿಗೆ ಒಗ್ಗದು.

ಊಟ ನಿಂತಾಗ ಬೆಕ್ಕಿನ ದೇಹ ಸಂಗ್ರಹದ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಕಳಿಸುತ್ತದೆ. ಅಷ್ಟೊಂದು ಕೊಬ್ಬನ್ನು ಒಮ್ಮೆಗೇ ನಿಭಾಯಿಸಲಾಗದೆ ಯಕೃತ್ತಿನ ಜೀವಕೋಶಗಳಲ್ಲೇ ಕೊಬ್ಬು ತುಂಬಿಕೊಂಡು ಅದರ ಕೆಲಸ ನಿಲ್ಲತೊಡಗುತ್ತದೆ. ಬೆಕ್ಕು ಮಂಕಾಗುತ್ತದೆ, ವಾಂತಿ ಮಾಡುತ್ತದೆ, ಒಸಡು ಮತ್ತು ಕಿವಿಯ ಒಳಭಾಗ ಹಳದಿಯಾಗುತ್ತದೆ. ಇನ್ನು ಊಟ ಇಟ್ಟರೂ ಮುಟ್ಟುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಸಾಯುತ್ತದೆ. ಕೆಲವೇ ದಿನಗಳ ಉಪವಾಸ ಇಷ್ಟಕ್ಕೆ ಸಾಕು. ಆದ್ದರಿಂದ ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಒಂದು ಇಡೀ ದಿನ ಏನನ್ನೂ ತಿನ್ನದಿದ್ದರೆ ಎರಡನೇ ದಿನ ವೈದ್ಯರ ಬಳಿ ಇರಬೇಕು. "ಇಲಿ ತಿಂದಿರಬೇಕು ಬಿಡು" ಎಂದು ಸುಮ್ಮನಿರಬೇಡಿ.

ಹಾಗಾದರೆ ಇಳಿಸುವುದು ಹೇಗೆ? ನಿಧಾನವಾಗಿ. ವಾರಕ್ಕೆ ದೇಹತೂಕದ ನೂರರಲ್ಲಿ ಒಂದು ಪಾಲು ಇಳಿದರೆ ಉತ್ತಮ, ಎರಡು ಪಾಲಿಗಿಂತ ಹೆಚ್ಚು ಇಳಿಯಬಾರದು. 6 ಕೆ.ಜಿ. ಬೆಕ್ಕು 4 ಕೆ.ಜಿ.ಗೆ ಬರಬೇಕೆಂದು ವೈದ್ಯರು ಹೇಳಿದರು ಎನ್ನೋಣ. ಮೊದಲ ವಾರದ ಇಳಿಕೆ 60 ಗ್ರಾಂ. ತೂಕ ಕಡಿಮೆಯಾದಂತೆ ಅದು 40 ಗ್ರಾಂ ಹತ್ತಿರ ಬರುತ್ತದೆ. ಸರಾಸರಿ 50 ಗ್ರಾಂ ಹಿಡಿದರೆ 2 ಕೆ.ಜಿ. ಇಳಿಯಲು 40 ವಾರ ಬೇಕು. ಹೆಚ್ಚುಕಡಿಮೆ ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಮಾರ್ಚ್ ಪರೀಕ್ಷೆಯವರೆಗೆ! ಒಂದು ಶಾಲಾ ವರ್ಷದ ತಾಳ್ಮೆಯ ಕೆಲಸ ಇದು.

ಊಟ ಕಡಿಮೆ ಮಾಡುವುದಕ್ಕಿಂತ ಊಟ ಬದಲಿಸುವುದು ಮುಖ್ಯ. ರೊಟ್ಟಿ, ಅನ್ನ, ಬಿಸ್ಕತ್ತು ಹಿಂದೆ ಸರಿಯಲಿ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿಮಾಂಸ, ಮುಳ್ಳು ತೆಗೆದ ಬೇಯಿಸಿದ ಮೀನು, ಬೇಯಿಸಿದ ಮೊಟ್ಟೆ ಮುಂದೆ ಬರಲಿ. ಮನೆಯ ಮಾಂಸಾಹಾರ ಮಾತ್ರದಿಂದ ಸುಣ್ಣದಂಶ ಮೊದಲಾದವು ಸರಿಯಾಗಿ ಸಿಗುವುದಿಲ್ಲ. ಏನನ್ನು ಎಷ್ಟು ಸೇರಿಸಬೇಕೆಂದು ವೈದ್ಯರನ್ನು ಕೇಳಿ. ನಾಲ್ಕೂ ಹೊತ್ತು ಮೀನು, ನಾಲ್ಕೂ ಹೊತ್ತು ಯಕೃತ್ತು ಹಾಕುವುದೂ ತಪ್ಪು.

ಮನೆಯಲ್ಲಿ ಮಾಂಸ ತರದ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಅಂಥವರು ಚಿಂತಿಸಬೇಕಾಗಿಲ್ಲ. ಹಾವೇರಿ, ರಾಣೆಬೆನ್ನೂರಿನಂಥ ಊರುಗಳಲ್ಲಿ ಬೆಕ್ಕಿಗೆಂದೇ ತಯಾರಾದ ಒಣ ಆಹಾರ ಸಿಗುತ್ತದೆ. ಅದರಲ್ಲಿ ಟಾರಿನ್ ಸೇರಿರುತ್ತದೆ. ಇದರ ಪ್ರತಿ ಗ್ರಾಂನಲ್ಲಿ ಮೂರೂವರೆಯಿಂದ ನಾಲ್ಕು ಕ್ಯಾಲರಿ ಇರುವುದರಿಂದ 200 ಕ್ಯಾಲರಿಗೆ 50-60 ಗ್ರಾಂ ಸಾಕು. ಬಟ್ಟಲು ತುಂಬ ಸುರಿದಿಟ್ಟರೆ ಮತ್ತೆ ಹಳೆಯ ಕಥೆಯೇ. ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕುವುದು ಬೇಡ. ಬೆಕ್ಕಿಗೆ ಬೇಕಾದಷ್ಟು ಟಾರಿನ್ ಅದರಲ್ಲಿರಲಿಕ್ಕಿಲ್ಲ. ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸುತ್ತಾ ಒಂದು ವಾರ, ಹತ್ತು ದಿನಗಳಲ್ಲಿ ಬದಲಿಸಿ.

ಕಾಡಿನ, ಬೀದಿಯ ಬೆಕ್ಕು ದಿನಕ್ಕೆ ಎಂಟು-ಹತ್ತು ಸಣ್ಣ ಬೇಟೆಯಾಡುತ್ತದೆ. ಒಂದು ಚಿಕ್ಕ ಇಲಿಯಲ್ಲಿ ಸಿಗುವುದು ಸುಮಾರು 30 ಕ್ಯಾಲರಿ. ಆದ್ದರಿಂದ ದಿನದ ಪಾಲನ್ನು ನಾಲ್ಕೈದು ಸಲ ಹಂಚಿ ಕೊಡಿ. ದಾರಕ್ಕೆ ಕಟ್ಟಿದ ಕಾಗದದ ಉಂಡೆ ಎಳೆದು ಹತ್ತು ನಿಮಿಷ ಓಡಿಸಿ, ಆಟ ಮುಗಿದ ಮೇಲೆ ದಾರ ಎತ್ತಿಡಿ. ನುಂಗಿದರೆ ಕರುಳಿಗೆ ಅಪಾಯ.

ಮೈಗೂದಲು ಹೇಳುವ ಮಾತು

ಬೆಕ್ಕಿನ ಕೂದಲು ಬಹುಮಟ್ಟಿಗೆ ಪ್ರೋಟೀನಿನಿಂದಲೇ ಆದದ್ದು. ತಿಂದ ಪ್ರೋಟೀನಿನ ದೊಡ್ಡ ಪಾಲು ಚರ್ಮ ಮತ್ತು ಕೂದಲಿಗೆ ಹೋಗುತ್ತದೆ. ಊಟದಲ್ಲಿ ಅದು ಕಡಿಮೆಯಾದರೆ ದೇಹ ಮೊದಲು ಹೃದಯ, ಸ್ನಾಯುಗಳನ್ನು ನೋಡಿಕೊಳ್ಳುತ್ತದೆ; ಕೂದಲಿಗೆ ಉಳಿಯುವುದು ಸ್ವಲ್ಪವೇ. ಹೊಳಪು ಹೋಗಿ, ಒಣಗಿ, ಉದುರತೊಡಗುತ್ತದೆ. ಹಾಗಾಗಿ ಮೈಗೂದಲು ಬೆಕ್ಕಿನ ಪ್ರಗತಿ ಪತ್ರ ಇದ್ದ ಹಾಗೆ.

ತೂಕಕ್ಕೂ ಕೂದಲಿಗೂ ನೇರ ನಂಟಿದೆ. ಬೆಕ್ಕು ಎಚ್ಚರವಿರುವ ಹೊತ್ತಿನ ಗಣನೀಯ ಭಾಗವನ್ನು ಮೈ ನೆಕ್ಕಿಕೊಳ್ಳುವುದರಲ್ಲೇ ಕಳೆಯುತ್ತದೆ. ದಪ್ಪ ಬೆಕ್ಕಿಗೆ ಕತ್ತು ತಿರುಗಿಸಿ ಬೆನ್ನಿನ ಹಿಂಭಾಗ, ಬಾಲದ ಬುಡ ಮುಟ್ಟಲು ಆಗುವುದಿಲ್ಲ. ಅಲ್ಲೇ ಹೊಟ್ಟು ಏಳುತ್ತದೆ, ಕೂದಲು ಗಂಟುಕಟ್ಟುತ್ತದೆ. ತಲೆ, ಎದೆ ಹೊಳೆಯುತ್ತಾ ಬೆನ್ನು ಮಾತ್ರ ಕೊಳಕಾಗಿದ್ದರೆ ತೂಕ ನೋಡಿ. ಬಾಯಲ್ಲಿ ಹಲ್ಲುನೋವು, ಕೀಲುಗಳಲ್ಲಿ ನೋವು ಇದ್ದರೂ ಬೆಕ್ಕು ನೆಕ್ಕುವುದನ್ನು ಬಿಡುತ್ತದೆ.

ತುರಿಸಿಕೊಳ್ಳುತ್ತಿದ್ದರೆ ಚಿಗಟ ಇದೆಯೇ ಎಂದು ನೋಡಬೇಕು. ಇದಕ್ಕೆ ಸರಳ ಪರೀಕ್ಷೆ ಇದೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬೆನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿ. ಅದರ ಸುತ್ತ ಕೆಂಪು-ಕಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ರಕ್ತ ಹೀರಿದ ಚಿಗಟದ ಹಿಕ್ಕೆ. ಚಿಗಟವನ್ನು ನುಂಗಿದ ಬೆಕ್ಕಿಗೆ ಲಾಡಿಹುಳುವೂ ಬರುತ್ತದೆ. ಕಿವಿಯ ಅಂಚಿನಿಂದ ಶುರುವಾಗಿ ಮುಖಕ್ಕೆ ಹರಡುವ ದಪ್ಪ ಹಕ್ಕಳೆಯಾದರೆ ಕಜ್ಜಿಯ ಹುಳು ಇರಬಹುದು.

ದುಂಡಗೆ ಕೂದಲು ಉದುರಿ ಬೂದಿಯಂಥ ಹೊಟ್ಟು ಕಂಡರೆ ಮಕ್ಕಳಿರುವ ಮನೆಯಲ್ಲಿ ಎಚ್ಚರ ವಹಿಸಬೇಕು. ಅದು ಶಿಲೀಂಧ್ರದಿಂದ ಬರುವ ಹುಳುಕಡ್ಡಿ ಇರಬಹುದು. ಕೆಲವರು ಇದನ್ನು ಗಜಕರ್ಣ ಎನ್ನುತ್ತಾರೆ. ಇದು ಬೆಕ್ಕಿನಿಂದ ಮಕ್ಕಳ ತೋಳು, ಕತ್ತು, ತಲೆಗೆ ದಾಟುತ್ತದೆ. ಮಗುವಿನ ಮೈಮೇಲೆ ದುಂಡು ಮಚ್ಚೆ ಎದ್ದಾಗ ಮಗುವಿಗೆ ಮುಲಾಮು ಹಚ್ಚಿ ಬೆಕ್ಕನ್ನು ಮರೆತರೆ ಅದು ಮತ್ತೆ ಮತ್ತೆ ಬರುತ್ತದೆ. ಮಗುವಿಗೆ ಮಕ್ಕಳ ಡಾಕ್ಟರು, ಬೆಕ್ಕಿಗೆ ಪಶುವೈದ್ಯರು, ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕು. ಇದಕ್ಕಾಗಿ ಬೆಕ್ಕನ್ನು ಊರಾಚೆ ಬಿಟ್ಟುಬರುವ ಅಗತ್ಯವಿಲ್ಲ. ಇದು ವಾಸಿಯಾಗುವ ಕಾಯಿಲೆ.

ಮನೆಮದ್ದಿಗೆ ಮುನ್ನ

ಬೆಕ್ಕಿನ ಯಕೃತ್ತು ಕೆಲವು ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವುದರಲ್ಲಿ ತುಂಬ ದುರ್ಬಲ. ಮೈಗೆ ಏನು ಹಚ್ಚಿದರೂ ಅದನ್ನು ನೆಕ್ಕಿಬಿಡುತ್ತದೆ. ಆದ್ದರಿಂದ ನಮಗೆ, ದನಗಳಿಗೆ ಒಗ್ಗುವ ಎಷ್ಟೋ ವಸ್ತು ಬೆಕ್ಕಿಗೆ ವಿಷ.

ದನದ ಉಣ್ಣಿಗೆಂದು ತಂದಿಟ್ಟ ಔಷಧಿಯನ್ನು ಬೆಕ್ಕಿನ ಚಿಗಟಕ್ಕೆ ಹಚ್ಚಬೇಡಿ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಔಷಧಿಯಿಂದಲೂ ಬೆಕ್ಕಿಗೆ ನಡುಕ, ಸೆಳೆತ ಬಂದು ಜೀವ ಹೋಗಬಹುದು. ಫೆನಾಯಿಲ್ ನೀರಿನಲ್ಲಿ ಮೈ ತೊಳೆಸುವುದು, ಸೀಮೆಎಣ್ಣೆ ಸವರುವುದು ಬೇಡವೇ ಬೇಡ. ಜ್ವರ ಬಂದಿದೆಯೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಹತ್ತಿ, ಮೆಣಸಿನ ಗಿಡಕ್ಕೆ ಔಷಧಿ ಹೊಡೆದ ದಿನ ಪಂಪು, ಬಟ್ಟೆಗಳ ಮೇಲೆ ಬೆಕ್ಕು ಮಲಗದಂತೆ ನೋಡಿಕೊಳ್ಳಿ. ಇಲಿಪಾಷಾಣ ಇಟ್ಟ ಮನೆಯಲ್ಲಿ ಬೆಕ್ಕು ಸಾಕುವುದು ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ಪಾಷಾಣ ತಿಂದು ತೂಗಾಡುವ ಇಲಿ ಬೆಕ್ಕಿಗೆ ಸುಲಭವಾಗಿ ಸಿಗುತ್ತದೆ.

ದನದ ದವಾಖಾನೆಗೆ ಬೆಕ್ಕು

"ಅದು ದನದ ದವಾಖಾನಿ, ಅಲ್ಲಿ ಬೆಕ್ಕಿಗೆ ಯಾರು ನೋಡ್ತಾರ?" ಎಂಬ ಸಂಕೋಚ ಬಹಳ ಜನರಿಗಿದೆ. ಎತ್ತು, ಎಮ್ಮೆ, ಆಕಳುಗಳ ಸಾಲಿನಲ್ಲಿ ಬುಟ್ಟಿ ಹಿಡಿದು ನಿಲ್ಲಲು ನಾಚಿಕೆಪಡುತ್ತಾರೆ. ಪಶುವೈದ್ಯ ಪದವಿ ಪಡೆದ ಪ್ರತಿಯೊಬ್ಬರೂ ಬೆಕ್ಕು, ನಾಯಿಗಳ ಚಿಕಿತ್ಸೆಯನ್ನೂ ಓದಿಯೇ ಬಂದಿರುತ್ತಾರೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಜಂತುಹುಳುವಿನ ಔಷಧಿ, ಚರ್ಮದ ತೊಂದರೆ, ರೇಬಿಸ್ ಲಸಿಕೆಯ ಬಗ್ಗೆ ಧಾರಾಳವಾಗಿ ವಿಚಾರಿಸಬಹುದು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ರಕ್ತಪರೀಕ್ಷೆ, ಸ್ಕ್ಯಾನಿಂಗ್‌ನಂಥ ಹೆಚ್ಚಿನ ತಪಾಸಣೆ ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ನಮ್ಮ ಕಡೆಯವರಿಗೆ ಬಹಳ ದೂರವಲ್ಲ.

ಹೋಗುವಾಗ ಬೆಕ್ಕನ್ನು ಕಂಕುಳಲ್ಲಿ ಹಿಡಿದುಕೊಂಡು ಹೋಗಬೇಡಿ. ನಾಯಿ ಬೊಗಳಿದರೆ, ಬಸ್ಸು ಹಾರ್ನ್ ಹೊಡೆದರೆ ಅದು ಕೈ ಪರಚಿ ಹಾರಿಹೋಗುತ್ತದೆ. ಮುಚ್ಚಳವಿರುವ ಬಿದಿರು ಬುಟ್ಟಿ ಅಥವಾ ಗಾಳಿಗೆ ತೂತು ಮಾಡಿದ ಗಟ್ಟಿ ಪೆಟ್ಟಿಗೆಯಲ್ಲಿ ಮನೆಯ ಹಳೆಯ ಬಟ್ಟೆ ಹಾಸಿ ಕೂರಿಸಿ. ಎರಡು ದಿನ ಮೊದಲೇ ಬುಟ್ಟಿಯನ್ನು ಮನೆಯಲ್ಲಿ ತೆರೆದಿಟ್ಟರೆ ಅದಕ್ಕೆ ಅಂಜಿಕೆ ಕಡಿಮೆ.

ವೈದ್ಯರು ಕೇಳುವ ಪ್ರಶ್ನೆಗಳಿಗೆ ಸಿದ್ಧರಾಗಿ ಹೋಗಿ. ವಯಸ್ಸೆಷ್ಟು? ದಿನಕ್ಕೆ ಏನೇನು, ಎಷ್ಟೆಷ್ಟು ತಿನ್ನುತ್ತದೆ? ನೀರು ಮೊದಲಿಗಿಂತ ಹೆಚ್ಚು ಕುಡಿಯುತ್ತದೆಯೇ? ಮಲ, ಮೂತ್ರ ಸರಿಯಾಗಿದೆಯೇ? ಯಾವ ಔಷಧಿ ಹಚ್ಚಿದ್ದೀರಿ? ಮನೆಯಲ್ಲಿ ಯಾರಿಗಾದರೂ ತುರಿಕೆ ಇದೆಯೇ? ಪಕ್ಕದ ಮನೆಯಲ್ಲಿ ಬೆಕ್ಕು ಏನು ತಿನ್ನುತ್ತದೆ ಎಂಬುದನ್ನೂ ವಿಚಾರಿಸಿಕೊಂಡಿರಿ. ಎರಡು ಮನೆಯ ಹಾಲು ಕುಡಿದು ಬರುವ ಬೆಕ್ಕುಗಳು ಬಹಳ ಇವೆ!

ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಆಗಲೇ ಕೇಳಿ. ಅದರಿಂದ ಬೇಡದ ಮರಿಗಳು, ಬೀದಿ ಜಗಳ ತಪ್ಪುತ್ತವೆ. ಆದರೆ ಆಮೇಲೆ ಬೆಕ್ಕಿಗೆ ಹಸಿವು ಹೆಚ್ಚಿ, ಶಕ್ತಿಯ ಖರ್ಚು ಕಡಿಮೆಯಾಗುತ್ತದೆ. ಅಂದಿನಿಂದಲೇ ಊಟದ ಅಳತೆ ಶುರುಮಾಡಿದರೆ ಬೊಜ್ಜು ಬಾರದು.

ಮಕ್ಕಳ ಪಾಲು, ಹಿರಿಯರ ಪಾಲು

ಬೆಕ್ಕಿನ ಊಟ ಅಳೆದು ಕೊಡುವುದು, ವಾರಕ್ಕೊಮ್ಮೆ ತೂಕ ಬರೆಯುವುದು, ದಿನವೂ ಬಾಚುವುದು, ಇವು ಮಕ್ಕಳು ಮಾಡಬಹುದಾದ ಕೆಲಸಗಳು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ, ತೂಕ, ಊಟ, ಕೂದಲಿನ ಸ್ಥಿತಿ ಎಂದು ನಾಲ್ಕು ಅಂಕಣ ಹಾಕಿ. ಮೂರು ತಿಂಗಳ ನಂತರ ಅದನ್ನೇ ರೇಖಾಚಿತ್ರ ಮಾಡಿದರೆ ವಿಜ್ಞಾನದ ಪ್ರಾಜೆಕ್ಟಿಗೂ ಆಯಿತು, ವೈದ್ಯರಿಗೂ ನೆರವಾಯಿತು. ಬಾಚುವಾಗ ಕೂದಲಿನ ದಿಕ್ಕಿನಲ್ಲೇ ಬಾಚಿ. ಆರೋಗ್ಯವಂತ ಬೆಕ್ಕಿಗೆ ಮೇಲಿಂದ ಮೇಲೆ ಸ್ನಾನ ಬೇಕಿಲ್ಲ.

ಔಷಧಿ ಕುಡಿಸುವುದು, ಉಗುರು ಕತ್ತರಿಸುವುದು, ಮಲ ಎತ್ತುವುದು ದೊಡ್ಡವರ ಕೆಲಸ. ಮನೆಯಲ್ಲಿ ಗರ್ಭಿಣಿ ಇದ್ದರೆ ಅವರು ಬೆಕ್ಕಿನ ಮಲ ಮುಟ್ಟದಿರುವುದು ಒಳಿತು. ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಿಗೆ ತೋರಿಸಿ. ಬೈಸಿಕೊಳ್ಳುವ ಭಯಕ್ಕೆ ಮಕ್ಕಳು ಪರಚು ಗಾಯವನ್ನು ಮುಚ್ಚಿಡುತ್ತಾರೆ. ಮುಚ್ಚಿಡದಂತೆ ಮೊದಲೇ ಧೈರ್ಯ ಹೇಳುವುದು ತಂದೆ-ತಾಯಿಯರ ಕರ್ತವ್ಯ.

ಮನೆಯಲ್ಲಿ ಒಬ್ಬರು ಅಳೆದು ಹಾಕಿ, ಇನ್ನೊಬ್ಬರು ಕದ್ದು ಹಾಲೆರೆದರೆ ಪ್ರಯೋಜನವಿಲ್ಲ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಒಂದೇ ಮಾತಿಗೆ ಬರಬೇಕು. ಮುದ್ದು ಮಾಡಲು ಹಾಲೇ ಬೇಕೆಂದಿಲ್ಲ, ಹತ್ತು ನಿಮಿಷದ ಆಟ, ಐದು ನಿಮಿಷದ ಬಾಚಣಿಗೆ ಸಾಕು. ಇಷ್ಟನ್ನು ಪಾಲಿಸುವ ಮನೆಯಲ್ಲಿ ಪಶುವೈದ್ಯರಾಗುವ ಆಸೆ ಯಾವುದಾದರೂ ಮಗುವಿಗೆ ಹುಟ್ಟಿದರೆ ಅದನ್ನೂ ಪೋಷಿಸಿ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿ, ಮುಂದೆ ತರಬೇತಿಯೂ ಸೇರಿ ಐದೂವರೆ ವರ್ಷದ ಪದವಿ ಅದು. ದನಕರುಗಳ ಈ ಜಿಲ್ಲೆಗೆ ಅಂಥ ಮಕ್ಕಳು ಬೇಕು.

ನೆನಪಿರಲಿ

* ದಪ್ಪ ಬೆಕ್ಕನ್ನು ಉಪವಾಸ ಕೆಡವಬೇಡಿ. ಒಂದು ದಿನ ಪೂರ್ತಿ ತಿನ್ನದಿದ್ದರೆ ವೈದ್ಯರನ್ನು ಕಾಣಿ.
* ಗಂಡು ಬೆಕ್ಕು ಮೂತ್ರಕ್ಕೆ ಮುಕ್ಕಿರಿದು ಹನಿಯೂ ಬಾರದಿದ್ದರೆ ಅದು ತುರ್ತು ಪರಿಸ್ಥಿತಿ. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.
* ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಒಣದ್ರಾಕ್ಷಿ ಬೆಕ್ಕಿಗೆ ಬೇಡ.
* ಮನುಷ್ಯರ ಮಾತ್ರೆ, ನಾಯಿಯ ಮತ್ತು ದನದ ಔಷಧಿಗಳನ್ನು ವೈದ್ಯರ ಮಾತಿಲ್ಲದೆ ಬಳಸಬೇಡಿ.
* ಮೂರು ತಿಂಗಳು ತುಂಬಿದ ಮರಿಗೆ ರೇಬಿಸ್ ಲಸಿಕೆ ಹಾಕಿಸಿ, ಮುಂದಿನ ದಿನಾಂಕ ಬರೆಸಿಕೊಳ್ಳಿ.
* ತೂಕ ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿನಲ್ಲಿ ನೋಡಿ.